ಅನಿತಾಳ ಮೇಲಿನ ಸಿಟ್ಟು ಎಲ್ಲಿಂದ ಬಂತು? ಸಂಸಾರದ ಕಾದಂಬರಿ ಓದಿ ಅನಿಸಿಕೆ ಬರೆಯುವ ಬಗೆ

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ವಿವೇಕ ಶಾನಭಾಗರ ಕಾದಂಬರಿ ‘ಘಾಚರ್ ಘೋಚರ್’ ಓದಿದೆವು. ಪ್ರತಿಯೊಬ್ಬರೂ 600 ಪದಗಳಲ್ಲಿ ಅನಿಸಿಕೆ ಬರೆದು ಓದಬೇಕು. ನಾನು ಬರೆದದ್ದರಲ್ಲಿ ಅರ್ಧ ಕಾದಂಬರಿಯ ಕಥೆಯಾಯಿತು, ಇನ್ನರ್ಧ ನಮ್ಮ ಮನೆಯ ಕಥೆಯಾಯಿತು. ಕಥೆ ಹೇಳುವವನ ಹೆಂಡತಿ ಅನಿತಾಳ ಬಗ್ಗೆ, ‘ಅವಳನ್ನು ಓದುವಾಗ ನನ್ನ ವಾರಗಿತ್ತಿಯೇ ಕಣ್ಣಮುಂದೆ ಬಂದಳು. ಇಂಥವರಿಂದಲೇ ಮನೆ ಒಡೆಯುವುದು’ ಎಂದು ಬರೆದಿದ್ದೇನೆ. ಆದರೆ ಕೊನೆಯ ಪುಟ ಮುಗಿಸಿದ ರಾತ್ರಿ ಅದೇ ಅನಿತಾಳಿಗೆ ಏನಾಯಿತೋ ಎಂದು ಹೆದರಿಕೆಯಾಗಿ ನಿದ್ದೆ ಬರಲಿಲ್ಲ. ಎರಡೂ ನಿಜ. ಇದನ್ನು ಹೇಗೆ ಬರೆಯಲಿ? ಇಂಥ ಬರಹದಲ್ಲಿ ಮನೆಯ ಮಾತು ತರಲೇಬಾರದೇ?

ಉತ್ತರ: ನೀವು ಬರೆಯಬೇಕಾದದ್ದು ನಿಮ್ಮ ಪ್ರಶ್ನೆಯೊಳಗೇ ಇದೆ. ವಾರಗಿತ್ತಿಯ ಬಗೆಗಿನ ಆ ಎರಡು ವಾಕ್ಯಗಳಿಗಿಂತ ‘ಎರಡೂ ನಿಜ’ ಎಂದಿರಲ್ಲ, ಅದು ಮುಖ್ಯ. ಒಂದೇ ಪಾತ್ರದ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ಅದೇ ಪಾತ್ರದ ಬಗ್ಗೆ ಕಳವಳವಾಯಿತು. ನಿಮ್ಮ ಮನಸ್ಸು ಯಾವ ಪುಟದಲ್ಲಿ ತಿರುಗಿತು, ಅದನ್ನು ಯಾರು ತಿರುಗಿಸಿದರು ಎಂದು ಪುಸ್ತಕದಲ್ಲೇ ಹುಡುಕಿ ಹೇಳಿದರೆ 600 ಪದಗಳಿಗೆ ಅಷ್ಟು ಸಾಕು.

ಮನೆಯ ಮಾತನ್ನು ಖಂಡಿತ ತರಬಹುದು. ಸಂಸಾರದ ಕಾದಂಬರಿಯನ್ನು ಯಾರೂ ಬರಿಗೈಯಲ್ಲಿ ಓದುವುದಿಲ್ಲ. ತವರು, ಅತ್ತೆಮನೆ, ಪಾಲು, ಮುನಿಸು ಎಲ್ಲವೂ ಜೊತೆಗೇ ಬರುತ್ತವೆ. ಅವು ಬಂದದ್ದರಿಂದ ತೊಂದರೆಯಿಲ್ಲ, ಕಾದಂಬರಿಯನ್ನು ತಳ್ಳಿ ಅದರ ಜಾಗದಲ್ಲಿ ಕೂತರೆ ತೊಂದರೆ. ಇದು ಹಳೆಯ ಸಮಸ್ಯೆ. ರಸಾನುಭವಕ್ಕೆ, ಅಂದರೆ ಕಾವ್ಯ ನಾಟಕಗಳನ್ನು ಸವಿಯುವುದಕ್ಕೆ, ಅಡ್ಡ ಬರುವ ಏಳು ವಿಘ್ನಗಳನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಎಣಿಸಿದ್ದಾನೆ. ಅವುಗಳಲ್ಲೊಂದಕ್ಕೆ ಅವನಿಟ್ಟ ಹೆಸರು ‘ನಿಜಸುಖಾದಿವಿವಶೀಭಾವ’: ನೋಡುವವನು ತನ್ನದೇ ಸುಖದುಃಖಕ್ಕೆ ವಶನಾಗಿ, ಎದುರಿಗೆ ನಡೆಯುತ್ತಿರುವುದು ಕಾಣದೆ ಹೋಗುವುದು. ಕೇಂಬ್ರಿಜ್‌ನ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರು ತೆಗೆದ ಪದ್ಯಗಳನ್ನು ಓದುಗರ ಕೈಗೆ ಕೊಟ್ಟು, ಅವರು ಬರೆದುಕೊಟ್ಟ ಅನಿಸಿಕೆಗಳನ್ನು ಪರೀಕ್ಷಿಸಿ 1929ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಗುರುತಿಸಿದ ತೊಡಕುಗಳಲ್ಲೂ ಇದು ಇದೆ: ಓದುಗನ ಸ್ವಂತ ನೆನಪು ನುಗ್ಗಿಬಂದು ಪದ್ಯವನ್ನು ಮುಚ್ಚಿಬಿಡುವುದು. 1938ರಲ್ಲಿ ಅಮೆರಿಕದ ಸಾಹಿತ್ಯ ವಿದ್ವಾಂಸೆ ಲೂಯಿಸ್ ರೋಸೆನ್‌ಬ್ಲಾಟ್ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಓದುಗನ ಬದುಕು ಬಂದು ಸೇರದೆ ಕೃತಿಗೆ ಜೀವವಿಲ್ಲ, ಆದರೆ ಪುಟದ ಮೇಲಿರುವ ಮಾತು ಅಲ್ಲಗಳೆಯುವಂಥ ಓದು ನಿಲ್ಲಲಾರದು. ನಿಮ್ಮ ಕರಡನ್ನು ತಿದ್ದುವುದಕ್ಕೆ ಈ ಕೊನೆಯ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಓದುವಾಗಲೇ ಮಾಡಬೇಕಾದ ಕೆಲಸ ಚಿಕ್ಕದು. ಕೈಯಲ್ಲೊಂದು ಪೆನ್ಸಿಲ್ ಇರಲಿ. ಗ್ರಂಥಾಲಯದ ಪುಸ್ತಕವಾದರೆ ಬೆರಳಗಲದ ಕಾಗದದ ಚೀಟಿಗಳಿರಲಿ. ಸಿಟ್ಟು ಬಂದಲ್ಲಿ ಒಂದು ಗುರುತು, ನಕ್ಕಲ್ಲಿ ಒಂದು, ಪುಸ್ತಕ ಮಡಚಿಟ್ಟು ಎದ್ದುಹೋದಲ್ಲಿ ಒಂದು. ಟಿಪ್ಪಣಿ ಬರೆಯುತ್ತ ಕೂರಬೇಡಿ, ಓದಿನ ಓಟ ಕೆಡುತ್ತದೆ. ಮೂರನೆಯ ಗುರುತನ್ನು ಮರೆಯುವವರೇ ಹೆಚ್ಚು. ಆದರೆ ಕುಕ್ಕರ್ ಕೂಗಿದ್ದಕ್ಕೆ ಎದ್ದದ್ದು ಬೇರೆ, ಮುಂದೆ ಓದಲಾರದೆ ಎದ್ದದ್ದು ಬೇರೆ. ಎರಡನೆಯ ಬಗೆಯ ಜಾಗಗಳಲ್ಲಿ ಬರಹಕ್ಕೆ ಬೇಕಾದದ್ದು ತುಂಬಿರುತ್ತದೆ.

ಮುಗಿಸಿದ ದಿನವೇ, ಪುಸ್ತಕ ನೋಡದೆ, ಹತ್ತು ನಿಮಿಷ ಬರೆಯಿರಿ. ಏನು ನೆನಪಿದೆಯೋ ಅಷ್ಟೇ. ಮೂರು ನಾಲ್ಕು ದಿನ ಬಿಟ್ಟು ಆ ಹಾಳೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ನೀವು ಸೇರಿಸಿದ್ದು, ಬಿಟ್ಟದ್ದು ಎರಡೂ ಅಲ್ಲಿ ಸಿಗುತ್ತವೆ. ಈ ಕಾದಂಬರಿಯ ಕೊನೆಯನ್ನೇ ನೋಡಿ. ‘ಅನಿತಾಳನ್ನು ಕೊಂದರು’ ಎಂದು ಖಡಾಖಂಡಿತವಾಗಿ ಹೇಳುವ ಓದುಗರಿದ್ದಾರೆ. ಹೈದರಾಬಾದಿಗೆ ಹೋದ ಅನಿತಾಳಿಗೆ ಏನಾಯಿತೆಂದು ಕಾದಂಬರಿ ಎಲ್ಲೂ ಹೇಳುವುದಿಲ್ಲ. ಆ ವಾಕ್ಯವನ್ನು ಮುಗಿಸಿದವರು ಓದುಗರೇ. ‘ಕೊಂದರು’ ಎಂದು ಬರೆದರೆ ತಪ್ಪು ಮಾಹಿತಿಯಾಯಿತು. ‘ಕೊಂದಿರಬಹುದೇ ಎಂಬ ಅನುಮಾನ ನನಗೆ ಬಂತು, ಈ ಮಾತು ಓದಿದಾಗ ಬಂತು’ ಎಂದು ಆ ಮಾತನ್ನು ತೋರಿಸಿದರೆ ಅದು ಓದುಗರ ಸ್ಪಂದನ. ನಿಮ್ಮ ನಿದ್ದೆ ಕೆಡಿಸಿದ ವಾಕ್ಯ ಯಾವುದೆಂದು ಹುಡುಕಿ. ಒಂದೇ ವಾಕ್ಯವಿರುತ್ತದೆ, ಹೆಚ್ಚೆಂದರೆ ಎರಡು.

ಈಗ ನಿಮ್ಮ ಸಿಟ್ಟಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಅನಿತಾಳ ಬಗ್ಗೆ ನಿಮಗೆ ಗೊತ್ತಿರುವುದೆಲ್ಲ ಯಾರ ಬಾಯಿಂದ ಬಂದದ್ದು? ಗಂಡನ ಬಾಯಿಂದ. ಇದು ‘ನಾನು’ ಹೇಳುವ ಕಥೆ, ಕನ್ನಡ ವ್ಯಾಕರಣದ ಪ್ರಕಾರ ಉತ್ತಮಪುರುಷ ನಿರೂಪಣೆ. (ಇದನ್ನು ಪ್ರಥಮಪುರುಷ ಎಂದು ಬರೆಯುವುದು ಈಚೆಗೆ ಹೆಚ್ಚಾಗಿದೆ. ನಮ್ಮ ವ್ಯಾಕರಣದಲ್ಲಿ ಪ್ರಥಮಪುರುಷ ಎಂದರೆ ‘ಅವನು, ಅವಳು’. ಬರಹದಲ್ಲಿ ಈ ತಪ್ಪು ಬೇಡ.) ಆ ‘ನಾನು’ವಿಗೆ ಹೆಸರಿಲ್ಲ. ಅವನ ಊಟ, ಬಟ್ಟೆ, ಹೆಸರಿಗಷ್ಟೇ ಇರುವ ಹುದ್ದೆ ಎಲ್ಲವೂ ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಿನಿಂದ ಬಂದದ್ದು. ಹೆಂಡತಿ ಅದನ್ನು ಪ್ರಶ್ನಿಸಿದರೆ ಅವನ ನೆಮ್ಮದಿ ಅಲುಗುತ್ತದೆ. ಅಂಥವನು ಅವಳ ಮಾತನ್ನು ನಿಮಗೆ ತಲುಪಿಸುವಾಗ ತನ್ನ ಕಿರಿಕಿರಿಯನ್ನೂ ಸೇರಿಸಿಯೇ ತಲುಪಿಸುತ್ತಾನೆ. ಹಾಗಾದರೆ ನಿಮಗೆ ಬಂದ ಸಿಟ್ಟು ಪೂರ್ತಿ ನಿಮ್ಮದೇ, ಅಥವಾ ಅವನು ಕೈಗೆ ಕೊಟ್ಟದ್ದೇ? ವಾರಗಿತ್ತಿಯ ನೆನಪು ಬಂದದ್ದು ಸಹಜ. ಆದರೆ ಅವಳ ಬಗ್ಗೆಯೂ ನಿಮಗೆ ಗೊತ್ತಿರುವುದರಲ್ಲಿ ಎಷ್ಟು ಕಣ್ಣಾರೆ ಕಂಡದ್ದು, ಎಷ್ಟು ಮನೆಯ ಬೇರೆಯವರು ಹೇಳಿದ್ದು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಕಾದಂಬರಿಯನ್ನೂ ಮನೆಯನ್ನೂ ಒಂದೇ ಪ್ಯಾರಾದಲ್ಲಿ ಇಡಲು ನಿಮಗೆ ಹಕ್ಕು ಸಿಗುವುದು ಈ ಪ್ರಶ್ನೆಯಿಂದ.

ನಂಟಿನ ಪದಗಳನ್ನೂ ಗಮನಿಸಿ. ಅಪ್ಪ, ಅಮ್ಮ, ಚಿಕ್ಕಪ್ಪ. ಹೆಸರಿನ ಬದಲು ಈ ಪದಗಳೇ ಓಡಾಡುವುದರಿಂದ ಓದುವವರು ಬಾಗಿಲು ತಟ್ಟದೆಯೇ ಆ ಮನೆಯೊಳಗೆ ಕೂತುಬಿಡುತ್ತಾರೆ. ‘ಅಮ್ಮ’ ಎಂದಾಗ ನಮ್ಮಮ್ಮನ ದನಿ ಅರ್ಧ ಕೇಳಿಯೇ ಇರುತ್ತದೆ. ಅದಕ್ಕೇ ಹೊರಗಿನಿಂದ ಬಂದವಳು ಮಾತಾಡಿದರೆ ನಮಗೂ ಚುಚ್ಚುತ್ತದೆ. ‘ಚಿಕ್ಕಪ್ಪ’ ಎಂಬ ಪದದಲ್ಲಂತೂ ಆ ಮನೆಯ ಅಧಿಕಾರ ತಲೆಕೆಳಗಾದದ್ದೇ ಅಡಗಿದೆ. ತಮ್ಮ ದುಡಿಯುತ್ತಾನೆ, ಅಣ್ಣನ ಸಂಸಾರ ಉಣ್ಣುತ್ತದೆ. ಇದನ್ನು ‘ಅಂಕಲ್’ ಎಂದು ಬರೆದರೆ ಕಾದಂಬರಿಯ ಬೆನ್ನೆಲುಬೇ ಹೋಯಿತು. ನಿಮ್ಮ ಕರಡಿನಲ್ಲಿ ಇನ್ನೊಂದನ್ನು ನೋಡಿ: ಯಾರಿಗೆ ‘ಬಂದರು’ ಎಂದಿದ್ದೀರಿ, ಯಾರಿಗೆ ‘ಬಂದಳು’ ಎಂದಿದ್ದೀರಿ? ಪುಸ್ತಕದಲ್ಲಿ ಯಾರಿಗೆ ಯಾವುದಿದೆ? ಎರಡರ ನಡುವೆ ವ್ಯತ್ಯಾಸ ಸಿಕ್ಕ ಕಡೆ ನೀವು ಯಾರ ಪಕ್ಷ ವಹಿಸಿದ್ದೀರೆಂದು ತಿಳಿಯುತ್ತದೆ.

ಇಡೀ ಕಾದಂಬರಿಯ ಬಗ್ಗೆ ಬರೆಯಲು ಹೋಗಬೇಡಿ. ಒಂದು ಪ್ರಸಂಗ ಆರಿಸಿಕೊಳ್ಳಿ. ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆಬಾಗಿಲಿಗೆ ಬರುವ ಹೆಂಗಸಿನ ಪ್ರಸಂಗ ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅವಳು ಮಸೂರ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಅಮ್ಮ ಮತ್ತು ನಿರೂಪಕನ ಸೋದರಿ ಮಾಲತಿ ಅವಳನ್ನು ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಒಳಗೇ ಇದ್ದರೂ ಹೊರಗೆ ಬರುವುದಿಲ್ಲ. ಈ ಪುಟಗಳನ್ನಷ್ಟೇ ಮತ್ತೆ ಎರಡು ಸಲ ಓದಿ. ಮೊದಲ ಸಲ ಒಂದು ಹಾಳೆಯಲ್ಲಿ ನಾಲ್ಕು ಸಾಲು ಗೆರೆ ಹಾಕಿ: ಯಾರು ಮಾತಾಡಿದರು, ಯಾರು ಸುಮ್ಮನಿದ್ದರು, ಯಾರು ಎಲ್ಲಿ ನಿಂತಿದ್ದರು, ಹೊಸ್ತಿಲು ಯಾರು ದಾಟಿದರು. ಎರಡನೆಯ ಸಲ ಅನಿತಾಳ ಮೇಲೆ, ಆಮೇಲೆ ನಿರೂಪಕನ ಮೇಲೆ ಮಾತ್ರ ಕಣ್ಣಿಡಿ. ನಿಮ್ಮ ಸಿಟ್ಟು ಎಲ್ಲಿ ಸಡಿಲಾಗತೊಡಗಿತು ಎಂಬುದು ಈ ಓದಿನಲ್ಲಿ ಸಿಗಬಹುದು. ಸಿಗದಿದ್ದರೆ ನೀವು ಪುಸ್ತಕ ಮಡಚಿಟ್ಟ ಗುರುತಿನ ಕಡೆಗೆ ಹೋಗಿ ಇದೇ ಕೆಲಸ ಮಾಡಿ.

600 ಪದಗಳನ್ನು ಹೀಗೆ ಹಂಚಿಕೊಳ್ಳಿ. ಕಥೆಗೆ 80 ಸಾಕು, ಬಳಗದವರೆಲ್ಲ ಓದಿದ್ದಾರೆ. ಆ ಒಂದು ಪ್ರಸಂಗಕ್ಕೆ 250. ನಿಮ್ಮ ಮನೆಯ ಮಾತಿಗೆ 120, ಮೀರಬೇಡಿ. ಉಳಿದ 150 ನಿಮ್ಮ ತೀರ್ಮಾನಕ್ಕೆ. ಗಟ್ಟಿಯಾಗಿ ಓದಿದರೆ ಆರೇಳು ನಿಮಿಷವಾಗುತ್ತದೆ. ಮನೆಯ ಮಾತು ಮೊದಲ ಪ್ಯಾರಾದಲ್ಲಿ ಬೇಡ. ಅಲ್ಲಿ ಬಂದರೆ ಕೇಳುವವರು ಕಾದಂಬರಿಯನ್ನು ಬಿಟ್ಟು ನಿಮ್ಮ ಮನೆಯ ಹಿಂದೆ ಹೋಗುತ್ತಾರೆ, ಮತ್ತೆ ಕರೆತರುವುದು ಕಷ್ಟ. ಪ್ರಸಂಗದ ವಿವರ ಮುಗಿದ ಕೂಡಲೇ ತನ್ನಿ.

ಮನೆಯಿಂದ ತೀರ್ಪು ತರಬೇಡಿ, ಒಂದು ನೋಟ ತನ್ನಿ. ‘ಇಂಥವರಿಂದಲೇ ಮನೆ ಒಡೆಯುವುದು’ ಎನ್ನುವುದು ತೀರ್ಪು. ಅದನ್ನು ಕೇಳಿದವರಿಗೆ ನಿಮ್ಮ ಮನೆಯೂ ಕಾಣುವುದಿಲ್ಲ, ಕಾದಂಬರಿಯೂ ಕಾಣುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಅನಿತಾ ಎದುರು ಮಾತಾಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಬಾಗಿಲಿಗೆ ಬಂದ ಹೆಂಗಸಿನ ಭಾಗವನ್ನು ಮತ್ತೆ ಓದಿದಾಗ ನಾನು ಅಮ್ಮ, ಮಾಲತಿಯರ ಪಕ್ಕದಲ್ಲಿ, ಹೊಸ್ತಿಲ ಒಳಗಡೆ ನಿಂತಿದ್ದೇನೆಂದು ಗೊತ್ತಾಯಿತು. ನಮ್ಮ ಮನೆಯಲ್ಲೂ ಒಮ್ಮೆ ಒಬ್ಬರು ನ್ಯಾಯವಾದ ಮಾತನ್ನೇ ಆಡಿದ್ದರು. ಉಳಿದವರೆಲ್ಲ ತಟ್ಟೆ ನೋಡುತ್ತ ಊಟ ಮುಗಿಸಿದೆವು.’ ಇದು ಮಾದರಿಯಷ್ಟೇ. ನಿಮ್ಮ ಮನೆಯಲ್ಲಿ ನಡೆದದ್ದು ಬೇರೆ ಇರುತ್ತದೆ. ಆದರೆ ಅಳತೆ ಇಷ್ಟೇ ಇರಲಿ: ಒಂದು ಹೊತ್ತು, ಒಂದು ಜಾಗ, ಕೈಯೋ ಕಣ್ಣೋ ಮಾಡಿದ ಒಂದು ಕೆಲಸ.

ಇದರಲ್ಲಿ ವಾರಗಿತ್ತಿ ಎಂಬ ಪದವೇ ಇಲ್ಲ, ನೋಡಿ. ಬೇಕೆಂದೇ ಬಿಟ್ಟದ್ದು. ಹೆಸರು ಹೇಳದಿದ್ದರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಳ್ಳುತ್ತಾರೆ. ಕನ್ನಡದಲ್ಲಿ ನಂಟಿನ ಪದವೇ ವಿಳಾಸ. ಮೈಸೂರು ಸೀಮೆಯ ವಾರಗಿತ್ತಿಯಿರಲಿ, ಧಾರವಾಡದ ಕಡೆಯ ನೆಗೆಣ್ಣಿಯಿರಲಿ, ಆ ಪದ ಬಾಯಿಗೆ ಬಂದೊಡನೆ ಊರಿನವರು ಒಬ್ಬಿಬ್ಬರನ್ನು ಬೊಟ್ಟುಮಾಡಿ ತೋರಿಸಬಲ್ಲರು. ಅದಕ್ಕೆ ‘ಎರಡನೆಯ’ ಎಂದೋ ‘ಬೆಂಗಳೂರಿನ’ ಎಂದೋ ಸೇರಿಸಿದರೆ ಮುಗಿಯಿತು. ‘ಮನೆಯವರೊಬ್ಬರು’ ಎಂದರೆ ನಿಮ್ಮ ಮಾತಿನ ಸತ್ಯ ಕಡಿಮೆಯಾಗುವುದಿಲ್ಲ. ಬದುಕಿರುವವರ ಕಾಯಿಲೆ, ಸಾಲ, ಗರ್ಭಪಾತ, ಆಸ್ತಿಯ ಜಗಳ, ಕೋರ್ಟಿನ ವಿಷಯ ಇವು ಅವರ ಒಪ್ಪಿಗೆಯಿಲ್ಲದೆ ಬೇಡವೇ ಬೇಡ. ಬಳಗದಲ್ಲಿ ಓದಿದ್ದು ಸಂಜೆಯೊಳಗೆ ವಾಟ್ಸಾಪ್ ಗುಂಪಿಗೆ ಧ್ವನಿಮುದ್ರಣವಾಗಿ ಹೋಗುತ್ತದೆ. ಅಲ್ಲಿಂದ ಅದು ಯಾರ ಫೋನಿಗೆ ಹೋಗುತ್ತದೋ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಮಾತು ಕೇಳಿದ ಆಕೆಗೆ ಉತ್ತರ ಹೇಳಲು ಅಲ್ಲಿ ಜಾಗವೂ ಇರುವುದಿಲ್ಲ. ಅನಿತಾಳಿಗೂ ತನ್ನ ಕಥೆ ತಾನು ಹೇಳಿಕೊಳ್ಳಲು ಆ ಕಾದಂಬರಿಯಲ್ಲಿ ಜಾಗವಿರಲಿಲ್ಲ.

ಇನ್ನು ಸವೆದ ಮಾತುಗಳು. ‘ಒಂದೇ ಗುಕ್ಕಿಗೆ ಓದಿ ಮುಗಿಸಿದೆ’, ‘ಓದಿಸಿಕೊಂಡು ಹೋಗುತ್ತದೆ’, ‘ಕಣ್ಣಾಲಿಗಳು ತೇವಗೊಂಡವು’, ‘ನಮ್ಮ ಸುತ್ತಮುತ್ತಲಿನದೇ ಕಥೆ’, ‘ಸಂಗ್ರಹಯೋಗ್ಯ ಕೃತಿ’. ಇವು ಸುಳ್ಳಲ್ಲ, ಆದರೆ ಯಾವ ಪುಸ್ತಕಕ್ಕೆ ಅಂಟಿಸಿದರೂ ಅಂಟುತ್ತವೆ. ಇಂಥದೊಂದು ಬಂದ ಕಡೆ ‘ಎಲ್ಲಿ?’ ಎಂದು ಕೇಳಿಕೊಳ್ಳಿ. ಎಲ್ಲಿ ಕಣ್ಣು ತೇವವಾಯಿತು? ಪುಟ ಸಿಕ್ಕರೆ ಆ ಪುಟದ ಮಾತನ್ನು ಬರೆಯಿರಿ, ಸಿಗದಿದ್ದರೆ ವಾಕ್ಯವನ್ನೇ ಹೊಡೆದುಹಾಕಿ. ಈ ಕಾದಂಬರಿಯಲ್ಲಿ ಹಳೆಯ ಮನೆಯ ಇರುವೆಗಳ ಭಾಗ ಓದಿ ಮೈ ಕಡಿದಂತಾದವರುಂಟು. ‘ಮೈ ಕಡಿದಂತಾಯಿತು, ಆಮೇಲೆ ಅವರು ಇರುವೆ ಕೊಲ್ಲುವುದನ್ನು ನಾನು ಖುಷಿಯಿಂದ ಓದುತ್ತಿದ್ದೇನೆಂದು ಗೊತ್ತಾಗಿ ಗಾಬರಿಯಾಯಿತು’ ಎಂಬ ಒಂದು ವಾಕ್ಯ ಮೇಲಿನ ಐದಕ್ಕಿಂತ ದೊಡ್ಡದು. ಮೈಗೆ ಆದದ್ದನ್ನು ಬರೆಯಲು ಸಂಕೋಚ ಬೇಡ.

ಮುಂದೆ ಬೇರೆ ಕಾದಂಬರಿಗಳನ್ನು ತೆಗೆದುಕೊಂಡಾಗ ಇನ್ನೆರಡು ತೊಡಕು ಬರುತ್ತವೆ. ಒಂದು ಸಿನಿಮಾದ್ದು. ತ್ರಿವೇಣಿಯವರ ‘ಶರಪಂಜರ’ ಎಂದರೆ ಬಹಳ ಜನರಿಗೆ 1971ರ ಪುಟ್ಟಣ್ಣ ಕಣಗಾಲರ ಚಿತ್ರ, ಕಲ್ಪನಾ ಅವರ ಮುಖ, ಆ ಹಾಡುಗಳು ಮೊದಲು ಬರುತ್ತವೆ. ಕಾದಂಬರಿ ಓದುವ ಮುನ್ನವೇ ಚಿತ್ರದಿಂದ ನೆನಪಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬದಿಗಿಡಿ. ಓದಿ ಮುಗಿದ ಮೇಲೆ ನಿಮ್ಮ ಕರಡಿನಲ್ಲಿ ಆ ಹಾಳೆಯಿಂದ ನುಸುಳಿದ್ದೆಷ್ಟು ಎಂದು ಹುಡುಕಿ. ತ್ರಿವೇಣಿ ಮನಶ್ಶಾಸ್ತ್ರ ಓದಿದ್ದವರು. ಕಥಾನಾಯಕಿ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೆ ಮನೆಯವರು, ನೆರೆಯವರು ಅವಳನ್ನು ನೋಡುವ ನೋಟದಲ್ಲಿಯೇ ತ್ರಿವೇಣಿ ಕಾದಂಬರಿಯ ನೋವನ್ನು ಇಟ್ಟಿದ್ದಾರೆ. ನಿಮ್ಮ ಅನಿಸಿಕೆಯೂ ಆ ನೋಟಗಳ ಬಗ್ಗೆ ಇರಲಿ. ಕಾವೇರಿಯದು ಇಂಥ ಕಾಯಿಲೆ, ನಮ್ಮ ಸಂಬಂಧಿಯೊಬ್ಬರಿಗೂ ಅದೇ ಇದೆ ಎಂದು ರೋಗ ಹೆಸರಿಸುವ ಕೆಲಸಕ್ಕೆ ಇಳಿಯಬೇಡಿ.

ಇನ್ನೊಂದು ಕಾಲದ್ದು. ಭೈರಪ್ಪನವರ ‘ಗೃಹಭಂಗ’ (1970) ಓದಿದವರು ಕೇಳುವ ಪ್ರಶ್ನೆ: ‘ನಂಜಮ್ಮ ಯಾಕೆ ಮನೆ ಬಿಟ್ಟು ಹೋಗಲಿಲ್ಲ?’ ಆ ಪ್ರಶ್ನೆಯ ಹಿಂದಿನ ಸಂಕಟ ನಿಜವಾದದ್ದು. ಆದರೆ ಅದನ್ನು ನಂಜಮ್ಮನ ಮೇಲೆ ಹೊರಿಸಿ ‘ದುರ್ಬಲಳು’ ಎಂದು ಬರೆಯುವ ಮೊದಲು, ಹೊರಗೆ ಹೋಗಲು ಕಾದಂಬರಿ ಯಾವ ಬಾಗಿಲು ತೆರೆದಿಟ್ಟಿದೆ ಎಂದು ನೋಡಬೇಕು. ಶಾನುಭೋಗಿಕೆಯ, ಅಂದರೆ ಊರಿನ ಕಂದಾಯದ, ಲೆಕ್ಕ ಬರೆಯುವವಳು ಅವಳು, ಶಾನುಭೋಗಿಕೆ ಇರುವುದು ಗಂಡ ಚೆನ್ನಿಗರಾಯನ ಹೆಸರಿನಲ್ಲಿ. ದುಡಿಮೆ ಅವಳದು, ಅದರ ಹಕ್ಕು ಅವನದು. ಸ್ವಾತಂತ್ರ್ಯಕ್ಕೆ ಮುಂಚಿನ ದಶಕಗಳ ಹಳ್ಳಿ, ಮೇಲೆ ಪ್ಲೇಗು. ಇಷ್ಟನ್ನು ಇಟ್ಟುಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಅದು ನಂಜಮ್ಮನನ್ನು ಬಿಟ್ಟು, ಅವಳ ದುಡಿಮೆಯನ್ನು ಗಂಡನ ಹೆಸರಿಗೆ ಬರೆಯುವ ವ್ಯವಸ್ಥೆಯ ಕಡೆಗೆ ತಿರುಗುತ್ತದೆ. ‘ನಮ್ಮಜ್ಜಿಯ ಕಾಲವೂ ಹೀಗೇ’ ಎನ್ನುವ ಮೊದಲು ಅಜ್ಜಿ ಹುಟ್ಟಿದ ವರ್ಷವನ್ನೂ ನೋಡಿಕೊಳ್ಳಿ. ಎಷ್ಟೋ ಸಲ ನಮ್ಮಜ್ಜಿ ನಂಜಮ್ಮನ ಮಕ್ಕಳ ವಾರಗೆಯವರಾಗಿರುತ್ತಾರೆ.

ಬಳಗ ನಡೆಸುವವರಿಗೂ ಎರಡು ಮಾತು ತಲುಪಿಸಿ. ಹತ್ತು ಜನರಿಗೆ ತೊಂಬತ್ತು ನಿಮಿಷ ಬೇಕು. ಮೊದಲ ಸುತ್ತಿನಲ್ಲಿ ತಲಾ ಎರಡು ನಿಮಿಷ: ತನ್ನನ್ನು ತಟ್ಟಿದ ಒಂದು ವಾಕ್ಯವನ್ನು ಪುಟಸಂಖ್ಯೆಯೊಂದಿಗೆ ಓದಬೇಕು, ಬೇರೇನೂ ಹೇಳಬಾರದು. ‘ನಮ್ಮ ಮನೆಯಲ್ಲಿ’ ಎಂಬ ಮಾತಿಗೆ ಎರಡನೆಯ ಸುತ್ತು. ಈ ಕ್ರಮ ಬಿಟ್ಟರೆ ಮೊದಲು ಮಾತಾಡಿದವರ ಮನೆಯ ಕಥೆಗೆ ಉಳಿದವರೆಲ್ಲ ಸಮಾಧಾನ, ಬುದ್ಧಿವಾದ ಹೇಳುತ್ತ ಕೂರುತ್ತಾರೆ, ಪುಸ್ತಕ ಯಾರ ತೊಡೆಯ ಮೇಲೂ ತೆರೆಯುವುದಿಲ್ಲ. ಅತ್ತೆ ಸೊಸೆ ಇಬ್ಬರೂ ಬಳಗದಲ್ಲಿದ್ದರೆ ಒಬ್ಬರ ಬೆನ್ನಿಗೇ ಇನ್ನೊಬ್ಬರ ಸರದಿ ಬರದಂತೆ ನೋಡಿಕೊಳ್ಳಬೇಕು. ಓದುತ್ತ ಯಾರಾದರೂ ಅತ್ತರೆ ‘ಏನಾಯಿತು, ಹೇಳಿ’ ಎಂದು ಕೆದಕಬಾರದು. ನೀರು ಕೊಟ್ಟು, ಅವರು ಓದುತ್ತಿದ್ದ ಪುಟವನ್ನು ಪಕ್ಕದವರು ಮುಂದುವರಿಸಲಿ. ಬೇಕೆನಿಸಿದರೆ ಅವರೇ ಹೇಳುತ್ತಾರೆ.

ಕೊನೆಗೊಂದು ಸಾಧ್ಯತೆ ಉಳಿಯುತ್ತದೆ. ಇಷ್ಟೆಲ್ಲ ಮಾಡಿ ಮತ್ತೆ ಓದಿದ ಮೇಲೂ ಅನಿತಾಳ ಮೇಲೆ ನಿಮಗೆ ಸಿಟ್ಟು ಇದ್ದೇ ಇರಬಹುದು. ಹಾಗಿದ್ದರೆ ಹಾಗೆಂದೇ ಬರೆಯಿರಿ, ಬಳಗದವರು ಮೆಚ್ಚಲೆಂದು ಮನಸ್ಸು ಬದಲಾದಂತೆ ಬರೆಯಬೇಡಿ. ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟು ಬರೆಯಿರಿ. ‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲೂ ಇಲ್ಲ. ಬಿಡಿಸಲಾಗದಷ್ಟು ಸಿಕ್ಕಾದದ್ದಕ್ಕೆ ಅನಿತಾಳ ತವರಿನಲ್ಲಿ ಆಡುತ್ತಿದ್ದ, ಆ ಮನೆಗೆ ಮಾತ್ರ ಗೊತ್ತಿದ್ದ ಮಾತು ಅದು. ಮನೆ ಒಡೆದವಳು ಅವಳೇ ಆದರೆ, ಆ ಮನೆಯ ಕಥೆಗೆ ಹೆಸರಾಗಿ ಅವಳು ತಂದ ಪದವನ್ನೇ ಯಾಕೆ ಇಟ್ಟಿದ್ದಾರೆ?